ಅರವತ್ತಕ್ಕಿಂತ ಕೆಳಗೆ

ಫೋನು ಇನ್ನೂ ಬಡಿದುಕೊಂಡಿರಲಿಲ್ಲ. ಬಡಿದುಕೊಳ್ಳುತ್ತದೆ ಎನ್ನುವುದು ಮಾತ್ರ ತಹ್ಸೀನನಿಗೆ ಬೆಳಿಗ್ಗೆ ಪಾಳಿಗೆ ಬಂದು ಕುರ್ಚಿಯ ಬೆನ್ನಿಗೆ ಕೋಟು ತೂಗುಹಾಕುವಾಗಲೇ ಗೊತ್ತಾಗಿತ್ತು. ಕಿಟಕಿಯಾಚೆ ಹೆಸರಿಗೊಂದು ಮೋಡವಿರಲಿಲ್ಲ. ವಸಂತದ ಶುಕ್ರವಾರ, ಅದೂ ರಮಝಾನಿನ ಶುಕ್ರವಾರ. ಕಚೇರಿಗಳಿಗೆ ಬೀಗ, ಕಾರ್ಖಾನೆಗಳಿಗೆ ರಜೆ, ಹೀಟರೂ ಬೇಡದ ಎಸಿಯೂ ಬೇಡದ ಹವೆ. ಉಪವಾಸದ ಜನ ಜುಮ್ಮಾ ನಮಾಜು ಮುಗಿಸಿ ಬಂದು ಪರದೆ ಎಳೆದುಕೊಂಡು ಮಲಗಿದ್ದಾರೆ. ಇಡೀ ಜೋರ್ಡಾನಿಗೆ ಈ ಹೊತ್ತಿನಲ್ಲಿ ಕರೆಂಟು ಬೇಡ. ದಕ್ಷಿಣಕ್ಕೆ ಮಆನ್ ಊರಿನ ಆಚೆ ಮರಳ ಮೇಲೆ ಹರಡಿಕೊಂಡ ಸೋಲಾರ್ ಹಲಗೆಗಳಿಗೆ ರಜೆಯೂ ಇಲ್ಲ, ಉಪವಾಸವೂ ಇಲ್ಲ. ಅವು ಕರೆಂಟು ಸುರಿಯುತ್ತಲೇ ಇರುತ್ತವೆ, ಹೊತ್ತು ಇಳಿಯುವತನಕ. ಹೊತ್ತು ಇಳಿದದ್ದೇ ಕೈಕೊಡುತ್ತವೆ. ಸರಿಯಾಗಿ ಅದೇ ಗಳಿಗೆಯಲ್ಲಿ ಅಜಾನ್ ಆಗುತ್ತದೆ, ದೇಶದ ಎಲ್ಲ ಮನೆಗಳಲ್ಲೂ ದೀಪ ಹತ್ತುತ್ತದೆ, ಆಗ ಎಲ್ಲರಿಗೂ ಝರ್ಕಾ ಊರಿನ ಹೊರಗೆ ಗ್ಯಾಸು ಉರಿಸಿ ಕರೆಂಟು ಮಾಡುವ ಈ ಹಳೆಯ ಯೂನಿಟ್ಟಿನ ನೆನಪಾಗುತ್ತದೆ. ಹಗಲೆಲ್ಲ ಬೇಡವಾಗಿ ಸಂಜೆಗೆ ಬೇಕಾಗುವ ಹೆಂಗಸಿನ ಹಾಗೆ ಎಂದು ಹೋಲಿಸಿಕೊಂಡವನು, ಉಪವಾಸದಲ್ಲಿ ಎಂಥ ಮಾತು ಬಂತಲ್ಲ ಎಂದು ತುಟಿ ಕಚ್ಚಿಕೊಂಡ. ನಾಲಿಗೆ ಒಣಗಿತ್ತು. ಸೂರ್ಯನ ಮೇಲೆ ಹೀಗೊಂದು ಹಗೆ ತನಗೆ ಯಾವಾಗ ಹುಟ್ಟಿತೋ ಅವನಿಗೇ ತಿಳಿಯದು. ಮನೆಯಲ್ಲಿ ಹೆಂಡತಿ ಸುಹೈರ್ ನಗಾಡುತ್ತಿದ್ದಳು: "ಬಟ್ಟೆ ಒಣಗೋದಕ್ಕೆ ಒಳ್ಳೆ ಬಿಸಿಲು ಅಂದ್ರೂ ಮುಖ ಊದಿಸ್ಕೋತೀರಲ್ಲ, ಸೂರ್ಯ ಏನು ನಿಮ್ಮ ಸವತಿಯಾ?"

ಸವತಿಯೇ. ಎದುರಿನ ಪರದೆಯ ಮೇಲೆ ಯೂನಿಟ್ಟಿನ ಅಂಕಿ ಅರವತ್ತರಲ್ಲಿ ನಿಂತಿತ್ತು. ಅರವತ್ತು ಮೆಗಾವ್ಯಾಟಿಗಿಂತ ಕೆಳಗೆ ಈ ಯೂನಿಟ್ಟು ಇಳಿಯುವುದಿಲ್ಲ, ಇಳಿಸಿದರೆ ಬಾಯ್ಲರಿನ ಉರಿ ಉಳಿಯುವುದಿಲ್ಲ, ಒಮ್ಮೆ ಆರಿದರೆ ಆವತ್ತೇ ಮತ್ತೆ ಹತ್ತಿಸಲಾಗುವುದಿಲ್ಲ. ದಿನವೂ ಸಂಜೆ ರಾಜಧಾನಿ ಅಮ್ಮಾನಿನ ಕಂಟ್ರೋಲ್ ರೂಮಿನವರು ನಾಳೆ ಎಷ್ಟಕ್ಕೆ ಇಳಿಯಬಲ್ಲಿರಿ ಎಂದು ಕೇಳಿದಾಗ ತಹ್ಸೀನ್ ಹೇಳುವ ಮಾತು ಇದು. ಇದರಲ್ಲಿ ಕೊನೆಯದು ನಿಜ. ಮೊದಲ ಎರಡೂ ಸುಳ್ಳು. ಹೋದ ವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಗ್ಯಾಸಿನ ಒತ್ತಡ ಇದ್ದಕ್ಕಿದ್ದಂತೆ ಬಿದ್ದು ಯೂನಿಟ್ಟು ನಲವತ್ತಕ್ಕೆ ಕುಸಿದಿತ್ತು. ಇನ್ನೇನು ಆರಿತು ಎಂದು ಎಲ್ಲರೂ ಉಸಿರು ಬಿಗಿಹಿಡಿದರೆ ಉರಿ ಆರಲಿಲ್ಲ. ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟಿದ್ದ ಅಬು ಶಾಹಿರ್ "ನಿಂತಿದೆ, ನಿಂತೇ ಇದೆ!" ಎಂದು ಕೂಗಿದ್ದ. ಗ್ಯಾಸು ಮರಳುವತನಕ ಅದು ನಲವತ್ತರಲ್ಲೇ ನಿಂತಿತ್ತು. ಆಮೇಲೆ ಚಹಾ ಕುಡಿಯುತ್ತ ಅಬು ಶಾಹಿರ್ ಹೇಳಿದ್ದ, ಅಮ್ಮಾನಿನವರಿಗೆ ತಿಳಿಸೋಣ, ನಮ್ಮ ಯೂನಿಟ್ಟನ್ನು ಮುದುಕಿ ಅಂತ ಆಡಿಕೊಳ್ಳುವವರ ಬಾಯಿ ಮುಚ್ಚಲಿ ಎಂದು. ತಹ್ಸೀನ್ ಬೇಡವೆಂದ. ನಲವತ್ತು ಎಂದರೆ ದಿನವೂ ನಲವತ್ತಕ್ಕೆ ಇಳಿಸುತ್ತಾರೆ, ಆಮೇಲೆ ಮೂವತ್ತು ಕೇಳುತ್ತಾರೆ, ಆಮೇಲೆ ಹಗಲು ನೀವೇ ಬೇಡ ಅನ್ನುತ್ತಾರೆ. ಅರವತ್ತು ಎಂದರೆ ಸಂಜೆಯ ಆಸೆಗಾದರೂ ಹಗಲು ಅರವತ್ತು ನಡೆಸಲೇಬೇಕು, ಯೂನಿಟ್ಟು ಬದುಕಿರುತ್ತದೆ ಎಂದು ವಾದಿಸಿದ್ದ. ಎಷ್ಟು ಬುದ್ಧಿವಂತಿಕೆಯಿಂದ ಹೇಳಿದ್ದನೆಂದರೆ ಹೇಳಿ ಮುಗಿಸಿದ ಮೇಲೆ ತನ್ನ ಮೇಲೆ ತನಗೇ ಮೆಚ್ಚುಗೆಯಾಗಿತ್ತು.

"ಏನಪ್ಪಾ ಅಬು ನಿಝಾರ್, ಬೆಳಗ್ಗಿಂದ ಆ ಫೋನನ್ನೇ ನುಂಗೋ ಹಾಗೆ ನೋಡ್ತಿದೀಯ. ನುಂಗಬೇಡ, ಉಪವಾಸ ಕೆಟ್ಟೀತು," ಎಂದು ಅಬು ಶಾಹಿರ್ ಬಾಗಿಲಲ್ಲಿ ನಿಂತು ಹೇಳಿದ. ಮಗ ನಿಝಾರನ ಹೆಸರು ಹಿಡಿದು ತಹ್ಸೀನನನ್ನು ಅಬು ನಿಝಾರ್, ನಿಝಾರನ ಅಪ್ಪ ಎಂದೂ, ಸುಹೈರಳನ್ನು ಉಮ್ಮ್ ನಿಝಾರ್, ನಿಝಾರನ ಅಮ್ಮ ಎಂದೂ ಇಲ್ಲಿ ಎಲ್ಲರೂ ಕರೆಯುವುದು. ಬಾಯ್ಲರಿನ ಹೊಣೆಯ ಅಬು ಶಾಹಿರ್ ಇಡೀ ವರ್ಷ ಸಿಗರೇಟಿಗೆ ಸಿಗರೇಟು ಹಚ್ಚುವವನು, ಈ ತಿಂಗಳು ಮಾತ್ರ ಹಗಲೆಲ್ಲ ಕೈ ಏನು ಮಾಡಬೇಕೆಂದು ತಿಳಿಯದೆ ಕೀಲಿಗೊಂಚಲನ್ನು ತಿರುಗಿಸುತ್ತ ಓಡಾಡುತ್ತಿದ್ದ. "ನನ್ನ ಬಾಯಲ್ಲೂ ಹೊಗೆಯಿಲ್ಲ, ಚಿಮಣೀಲೂ ಹೊಗೆಯಿಲ್ಲ. ನಾವಿಬ್ರೂ ಒಟ್ಟಿಗೆ ರಿಟೈರಾಗ್ತೀವಿ ಬಿಡು."

"ಒಳ್ಳೆ ಮಾತಾಡಿ," ಎಂದ ತಹ್ಸೀನ್.

ಫೋನು ಬಡಿದುಕೊಂಡಿತು.

ಅಮ್ಮಾನಿನಿಂದ ಲುಜೈನ್. ದೇಶದ ಕರೆಂಟೆಲ್ಲ ಯಾರು ಎಷ್ಟು ಮಾಡಬೇಕೆಂದು ಹೇಳುವ ಹುಡುಗಿ, ತನ್ನ ಮಗಳಿಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬಹುದು. ಅವನು ಅವಳನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ದನಿಯಲ್ಲಿ ಕೋಪವಿಲ್ಲದಿರುವುದೇ ಅವನಿಗೆ ಹೆದರಿಕೆ ಹುಟ್ಟಿಸುತ್ತಿತ್ತು.

"ಅಬು ನಿಝಾರ್, ರಮಝಾನ್ ಕರೀಮ್. ಇವತ್ತು ಕಷ್ಟ ಇದೆ. ಹೊರದೇಶಕ್ಕೆ ಹೋಗೋ ಲೈನು ದುರಸ್ತಿಗೆ ನಿಂತಿದೆ, ಹೆಚ್ಚಾಗಿದ್ದನ್ನ ಎಲ್ಲೂ ಕಳಿಸೋ ಹಾಗಿಲ್ಲ. ಸೋಲಾರ್ ತೋಟಗಳನ್ನ ಆರಿಸ್ತಾ ಬಂದಿದೀನಿ. ಮನೆಮನೆ ಮಾಳಿಗೆ ಮೇಲಿರೋದು ನನ್ನ ಕೈಲಿಲ್ಲ. ಇನ್ನೂ ಇಳಿಸ್ಬೇಕು. ನೀವು ಇಳೀತೀರಾ?"

"ಅರವತ್ತಕ್ಕಿಂತ ಕೆಳಗೆ ಆಗಲ್ಲ ಇಂಜಿನಿಯರಮ್ಮ. ನಿಮಗೆ ಗೊತ್ತಲ್ಲ."

"ಗೊತ್ತು. ಅದಕ್ಕೇ ಕೇಳ್ತಿದೀನಿ. ಇಳಿಯೋಕಾಗಲ್ಲ ಅಂದ್ರೆ ನಿಮ್ಮನ್ನ ಪೂರ್ತಿ ನಿಲ್ಲಿಸ್ಬೇಕಾಗುತ್ತೆ. ನಿಲ್ಲಿಸಿದ್ರೆ ಸಂಜೆಗೆ ನೀವು ಬರಲ್ಲ. ನೀವು ಬರದೇ ಹೋದ್ರೆ ಅಜಾನ್ ಹೊತ್ತಿಗೆ ಝರ್ಕಾದ ಅರ್ಧ ಊರನ್ನ ನಾನು ಕತ್ತಲಲ್ಲಿ ಇಡ್ಬೇಕು. ಯಾವ ಬೀದಿ ಅಂತ ಈಗ್ಲೇ ಆರಿಸಿಟ್ಕೋಬೇಕು. ಸ್ವಲ್ಪ ಹೊತ್ತು ಕೊಡ್ತೀನಿ. ಯೋಚನೆ ಮಾಡಿ."

ತಹ್ಸೀನ್ ರಿಸೀವರ್ ಇಟ್ಟ. ಝರ್ಕಾದ ಅರ್ಧ ಊರು ಎಂದರೆ ಅದರಲ್ಲಿ ಅವನ ಬೀದಿಯೂ ಇರಬಹುದು. ಸುಹೈರ್ ಅನ್ನದ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕುವ ಹೊತ್ತಿಗೆ ದೀಪ ಹೋಗುತ್ತದೆ, ಕತ್ತಲಲ್ಲಿ ಪಕ್ಕದ ಮನೆಯವರು ಬೈಯುವುದು ಗೋಡೆಯಾಚೆಯಿಂದ ಕೇಳುತ್ತದೆ. ಹೋದ ಶುಕ್ರವಾರ ಅವನಿಗೆ ರಜೆಯಿತ್ತು, ಮಗಳು ರವಾನ್ ಗಂಡನೊಡನೆ ಇಫ್ತಾರಿಗೆ ಬಂದಿದ್ದಳು. ಏಳು ತಿಂಗಳ ಹೊಟ್ಟೆ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ್ದಳು. ಅಳಿಯ ಮುಹನ್ನದ್ ಮಆನಿನ ಹತ್ತಿರದ ಸೋಲಾರ್ ತೋಟವೊಂದರಲ್ಲಿ ಇಂಜಿನಿಯರು. ವರ್ಷವಿಡೀ ಮಧ್ಯಾಹ್ನ ಅರ್ಧ ಹಲಗೆಗಳನ್ನು ಆರಿಸಿಡು ಎಂದೇ ಆಜ್ಞೆ ಬರುತ್ತಿತ್ತಂತೆ, ಹಾಗಾಗಿ ತೋಟದ ಮಾಲೀಕ ಹಬ್ಬ ಕಳೆದ ಮೇಲೆ ಜನರನ್ನು ಕಡಿಮೆ ಮಾಡುತ್ತಾನಂತೆ, ಆ ಪಟ್ಟಿಯಲ್ಲಿ ತಾನೂ ಇದ್ದೇನೆ, ಅಕಬಾದಲ್ಲಿ ಅಣ್ಣನ ಮನೆಯ ಮೇಲಿನ ಕೋಣೆಗೆ ಹೋಗುತ್ತೇವೆ, ಹೆರಿಗೆಯೂ ಅಲ್ಲೇ. ಇದನ್ನೆಲ್ಲ ಮುಹನ್ನದ್ ಖರ್ಜೂರದ ಬೀಜ ತೆಗೆಯುತ್ತ ನಿಧಾನವಾಗಿ ಹೇಳಿದ್ದ. ಆಮೇಲೆ ನಕ್ಕಿದ್ದ. "ಯಾರ ದೆಸೆಯಿಂದ ಗೊತ್ತಾ ಮಾವ? ನಿಮ್ಮಂಥ ಹಳೇ ಯೂನಿಟ್ಟುಗಳು ಇಳಿಯಲ್ಲ ಅಂತ ಹಟ ಹಿಡಿದು ಕೂತಿವೆಯಲ್ಲ, ಅದಕ್ಕೆ. ನಿಮ್ಮದಂತೂ ಪಾಪ ನಿಜವಾಗ್ಲೂ ಇಳಿಯಲ್ಲ ಬಿಡಿ. ಆದ್ರೆ ಯಾವನೋ ಮುದಿ ಕತ್ತೆ ಇಳಿಯೋಕೆ ಬಂದ್ರೂ ಇಳಿಸದೇ ಕೂತಿರ್ತಾನೆ ಅಂತ ನನ್ನ ಅನುಮಾನ." ಸುಹೈರ್ "ಊಟದ ಹೊತ್ತಲ್ಲಿ ಬೈಗುಳ ಬೇಡ ಕಣಪ್ಪಾ," ಎಂದಿದ್ದಳು. ತಹ್ಸೀನ್ ಬದನೆಕಾಯಿಯ ಹೋಳೊಂದನ್ನು ಅನ್ನದೊಳಗೆ ಒತ್ತುತ್ತ, ಒತ್ತುತ್ತ, ಅದು ಪೂರ್ತಿ ನುಣ್ಣಗಾಗುವತನಕ ಒತ್ತಿದ್ದ. ಆ ತುತ್ತನ್ನು ನುಂಗಿಯೂ ಇದ್ದ.

"ಏನಂತೆ?" ಎಂದ ಅಬು ಶಾಹಿರ್.

ತಹ್ಸೀನ್ ಹೇಳಿದ.

ಅಬು ಶಾಹಿರ್ ಕೀಲಿಗೊಂಚಲು ನಿಲ್ಲಿಸಿದ. "ಇಳಿಸೋಣ."

"ಚಳಿಗಾಲದಲ್ಲಿ ನಿಂತಿತ್ತು ಅಂತ ಇವತ್ತೂ ನಿಲ್ಲುತ್ತೆ ಅಂತ ಏನು ಖಾತ್ರಿ? ಆರಿಹೋದ್ರೆ?"

"ಇಳಿಸದೇ ಇದ್ರೂ ಆರಿಸ್ತಾಳಲ್ಲ ಆ ಹುಡುಗಿ. ಆರೋದೇ ಹೌದಾದ್ರೆ ನಮ್ಮ ಕೈಲೇ ಆರಲಿ. ನೀನು ನೀರು ನೋಡ್ಕೋ, ನಾನು ಉರಿ ನೋಡ್ಕೋತೀನಿ. ಬೇರೆ ಯಾರೂ ಮುಟ್ಟೋದು ಬೇಡ."

ಮಾತು ಸರಿಯಾಗಿತ್ತು. ಸರಿಯಾಗಿರುವುದಕ್ಕೇ ತಹ್ಸೀನನಿಗೆ ಸಿಟ್ಟು ಬಂತು. ಆದರೂ ಫೋನು ಎತ್ತಿದ, "ಪ್ರಯತ್ನ ಮಾಡ್ತೀವಿ," ಎಂದಷ್ಟೇ ಹೇಳಿದ. ಪ್ರಯತ್ನ ಎನ್ನುವ ಮಾತನ್ನು ಹುಡುಕಿ ಹಾಕಿದೆಯಲ್ಲ, ಮೊದಲ ಸಲ ಮಾಡುವವರ ಹಾಗೆ, ಎಂದು ಒಳಗೆ ಯಾರೋ ಅಂದರು. ನೀರಿನ ವಾಲ್ವನ್ನು ಯಂತ್ರದ ವಶದಿಂದ ತನ್ನ ಕೈಗೆ ತೆಗೆದುಕೊಂಡು ಪರದೆಗೆ ಮುಖ ಹತ್ತಿರ ಮಾಡಿ ಕುಳಿತ. ಬಾಯ್ಲರಿನ ಮೇಲಿನ ದೊಡ್ಡ ಡ್ರಮ್ಮಿನಲ್ಲಿ ನೀರು ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಉರಿ ಸಣ್ಣದಾದಷ್ಟೂ ಆ ನೀರಿಗೆ ಹುಚ್ಚು ಹಿಡಿಯುತ್ತದೆ. ವಾಕಿಟಾಕಿಯಲ್ಲಿ ಅಬು ಶಾಹಿರ್ ದನಿ: "ಬರ್ನರಿನ ಮೇಲಿನ ಸಾಲು ಆರಿಸ್ತಿದೀನಿ." ಅಂಕಿ ಐವತ್ತೈದಾಯಿತು. ನೀರು ಏರಿತು, ತಹ್ಸೀನ್ ಒಂದು ಕೂದಲೆಳೆಯಷ್ಟು ತಿರುಗಿಸಿದ, ಇಳಿಯಲಿಲ್ಲ, ಇನ್ನೊಂದೆಳೆ ತಿರುಗಿಸಬೇಕು ಅನ್ನಿಸಿತು, ತಿರುಗಿಸದೆ ಕಾದ. ಕಾಯುವುದೇ ಈ ಕೆಲಸ, ಕೈ ತುರಿಸುತ್ತಿದ್ದರೂ ಮುಟ್ಟದೆ ಕಾಯುವುದು. ಮೊದಲ ಬಾರಿ ಇದೇ ಕುರ್ಚಿಯಲ್ಲಿ ಕುಳಿತಾಗ ಗಡ್ಡ ಕಪ್ಪಗಿತ್ತು, ಆಗ ಯಾರೂ ಇಳಿಯುವುದರ ಮಾತೇ ಆಡುತ್ತಿರಲಿಲ್ಲ, ಹೆಚ್ಚು ಮಾಡು ಹೆಚ್ಚು ಮಾಡು ಎಂದೇ ಫೋನು ಬರುತ್ತಿತ್ತು. ಬೀದಿಯಲ್ಲಿ ಹೋದರೆ ಅಂಗಡಿಯವನು ಎದ್ದು ನಿಂತು ಕರೆಂಟಿನ ಸಾಹೇಬರು ಅನ್ನುತ್ತಿದ್ದ. ನೀರು ಈಗ ಇಳಿಯತೊಡಗಿತು. ಐವತ್ತು. "ಉರಿ ನಡುಗ್ತಿದೆ," ಎಂದಿತು ವಾಕಿಟಾಕಿ. ನಲವತ್ತೇಳು. ಪರದೆಯಲ್ಲಿ ಒಂದು ಬರ್ನರಿನ ಹಸಿರು ದೀಪ ಮಿಣುಕಿತು, ಆರಿತು, ಮತ್ತೆ ಹತ್ತಿತು. ಆರಿಬಿಡಲಿ ಎಂದು ಅವನಿಗೆ ಆಗ ಅನ್ನಿಸಿತು. ಸ್ಪಷ್ಟವಾಗಿ, ಬಾಯಾರಿಕೆಯಷ್ಟೇ ಸ್ಪಷ್ಟವಾಗಿ ಅನ್ನಿಸಿತು. ಆರಿಹೋದರೆ ಅರವತ್ತೆಂದದ್ದು ನಿಜವಾಗುತ್ತದೆ, ಯಾರೂ ಯಾರನ್ನೂ ಏನೂ ಕೇಳುವ ಹಾಗಿರುವುದಿಲ್ಲ. ಆದರೆ ಕೈ ಅವನ ಮನಸ್ಸಿನ ಮಾತು ಕೇಳಲಿಲ್ಲ, ಕಲಿತದ್ದನ್ನು ಮಾಡಿತು, ನೀರನ್ನು ಇದ್ದ ಮಟ್ಟಕ್ಕೆ ತಂದು ನಿಲ್ಲಿಸಿತು.

"ನಲವತ್ತು," ಎಂದಿತು ವಾಕಿಟಾಕಿ. "ಕಲ್ಲಿನ ಹಾಗೆ ನಿಂತಿದೆ ಕಣೋ. ಬಂದು ನೋಡು ಬೇಕಾದ್ರೆ."

ಅವನು ಹೋಗಿ ನೋಡಲಿಲ್ಲ. ಫೋನು ಬಂತು. ಈ ಸಲ ಲುಜೈನಳ ದನಿ ಸ್ವಲ್ಪ ತಗ್ಗಿತ್ತು, ಪಕ್ಕದವರಿಗೆ ಕೇಳಬಾರದೆಂಬಂತೆ. "ನೋಡ್ತಿದೀನಿ. ಅಲುಗಾಡ್ತಾನೇ ಇಲ್ಲ. ಅಬು ನಿಝಾರ್, ಒಂದು ಮಾತು ಹೇಳ್ತೀನಿ, ಮೊನ್ನೆತನಕ ನನಗೂ ಗೊತ್ತಿರಲಿಲ್ಲ. ಮುಚ್ಚೋ ಯೂನಿಟ್ಟುಗಳ ಪಟ್ಟಿ ಭಾನುವಾರ ಕಮಿಟಿ ಮುಂದೆ ಹೋಗುತ್ತೆ. ಹಳೇದು ಹೊಸದು ಅಂತ ಅಲ್ಲ, ಐವತ್ತಕ್ಕಿಂತ ಕೆಳಗೆ ಇಳಿಯೋಕೆ ಬರದೇ ಇರೋದು ಯಾವುದೋ ಅದು. ಬಗ್ಗೋಕೆ ಬರೋದು ಇರಲಿ, ಬಗ್ಗದೇ ಇರೋದು ಹೋಗಲಿ ಅಂತ. ನಿಮ್ಮದು ಮೊದಲನೇ ಹೆಸರು."

ತಹ್ಸೀನ್ ಏನೋ ಅಂದ. ಏನೆಂದನೋ ಆಮೇಲೆ ನೆನಪಾಗಲಿಲ್ಲ.

"ನಾಳೆಯ ಅಂಕಿ ಇಫ್ತಾರ್ ಆದ ಮೇಲೆ ಕೇಳ್ತೀನಲ್ಲ, ಆಗ ನಲವತ್ತು ಅನ್ನಿ. ನಾನೇ ಹೊತ್ಕೊಂಡು ಹೋಗಿ ಮೇಲಿನವರಿಗೆ ತೋರಿಸ್ತೀನಿ, ಪಟ್ಟಿಯಿಂದ ನಿಮ್ಮ ಹೆಸರು ತೆಗೀತಾರೆ. ಆದ್ರೆ ಪ್ರಶ್ನೆ ಬಂದೇ ಬರುತ್ತೆ, ಇಷ್ಟು ದಿನ ಅರವತ್ತು ಯಾಕೆ ಅಂದ್ರಿ ಅಂತ. ಕಮಿಟೀಲಿ ಸೋಲಾರಿನವರೂ ಕೂತಿರ್ತಾರೆ. ಅದನ್ನ ನಾನು ಮುಚ್ಚಿಡೋಕಾಗಲ್ಲ. ನೀವೇ ಉತ್ತರ ಕೊಡ್ಬೇಕು."

"ಇವತ್ತಿನದು ಏನೋ ಅದೃಷ್ಟ ಅಂದ್ರೆ?"

"ಅದೃಷ್ಟ ಅಂದ್ರೆ ಅರವತ್ತೇ ಇರುತ್ತೆ. ಪಟ್ಟೀನೂ ಹಾಗೇ ಇರುತ್ತೆ." ಮತ್ತೆ ಆ ಕೋಪವಿಲ್ಲದ ದನಿ. "ನೀವು ಯೋಚನೆ ಮಾಡಿ, ಸಂಜೆ ಮಾತಾಡೋಣ."

ಉಳಿಸಲೆಂದು ಹೇಳಿದ ಸುಳ್ಳು ಕೊಲ್ಲುವುದಕ್ಕೆ ಕೂತಿತ್ತು. ಇದರಲ್ಲಿ ನಗುವಂಥದ್ದೇನೋ ಇದೆ ಎಂದು ತಹ್ಸೀನನಿಗೆ ತೋರಿತು, ನಗು ಮಾತ್ರ ಬರಲಿಲ್ಲ. ಬೆವರು ಒರೆಸುತ್ತ ಬಂದ ಅಬು ಶಾಹಿರನಿಗೆ ಪಟ್ಟಿಯ ವಿಷಯ ಹೇಳಿದ. ನಲವತ್ತೆಂದರೆ ಹೆಸರು ತೆಗೆಯುತ್ತಾರೆ ಎಂಬುದನ್ನೂ ಹೇಳಿದ. ಪ್ರಶ್ನೆ ಬರುತ್ತದೆ ಎಂಬುದನ್ನು ಹೇಳುವಾಗ ಕಣ್ಣು ತಪ್ಪಿಸಿದ.

"ಬೈತಾರೆ, ಬೈಸ್ಕೊಳ್ಳೋಣ!" ಎಂದ ಅಬು ಶಾಹಿರ್. ಅವನ ಮುಖ ಬೆಳಗಿಬಿಟ್ಟಿತ್ತು. "ಬೈಗುಳಕ್ಕೆ ಯಾರಾದ್ರೂ ಸತ್ತಿದಾರಾ? ಇಲ್ಲಿ ಎಷ್ಟು ಮನೆ ಒಲೆ ಉರೀತಿದೆ ಅಂತ ಯೋಚನೆ ಮಾಡು. ಹೋದ ವಾರ ನನ್ನ ಹೆಂಡ್ತಿ ಕೇಳಿದ್ಲು, ನಿಮ್ಮ ಪ್ಲಾಂಟು ಮುಚ್ತಾರಂತೆ ಹೌದಾ ಅಂತ, ಎದ್ದು ಹೊರಗೆ ಹೋಗಿಬಿಟ್ಟೆ. ಹೇಳಿಬಿಡು, ಅಬು ನಿಝಾರ್. ನಲವತ್ತು ಅಂತ ಒಂದು ಮಾತು ತಾನೇ."

"ಹ್ಞೂಂ," ಎಂದ ತಹ್ಸೀನ್.

ಒಂದು ಮಾತು ತಾನೇ. ಕಿಟಕಿಯಲ್ಲಿ ಬಿಸಿಲು ಹಳದಿಯಾಗುತ್ತ ಬಂತು. ಇಳಿಹೊತ್ತಿನ ಅಸರ್ ನಮಾಜಿಗೆ ನಿಂತಾಗಲೂ ಅವನ ಕಣ್ಣೆದುರು ಒಂದು ಉದ್ದನೆಯ ಮೇಜು, ಅದರಾಚೆ ಕೋಟು ಹಾಕಿದ ಜನ, ಅವರ ಹಿಂದೆ ಎಲ್ಲೋ ಮುಹನ್ನದನ ಸಣ್ಣ ಗಡ್ಡದ ಮುಖ ಸುಳಿಯಿತು. ಎಷ್ಟು ಸುತ್ತು ರಕಾತ್ ಆಯಿತೆಂದು ಲೆಕ್ಕ ತಪ್ಪಿಹೋಗಿ ಮತ್ತೆ ಮೊದಲಿನಿಂದ ಮಾಡಿದ. ಸಲಾಂ ಹೇಳಿ ಚಾಪೆ ಮಡಿಸುವಷ್ಟರಲ್ಲಿ ಜೇಬಿನ ಮೊಬೈಲು ಅದುರಿತು. ಮುಹನ್ನದ್.

"ಮಾವ, ಇವತ್ತೊಂದು ವಿಚಿತ್ರ! ಆರಿಸಿಟ್ಟಿದ್ದ ಎರಡು ಸಾಲು ಹಲಗೆ ಮತ್ತೆ ಚಾಲೂ ಮಾಡಿ ಅಂತ ಅಮ್ಮಾನಿಂದ ಫೋನು ಬಂತು. ಯಾರೋ ಉತ್ತರದ ಕಡೆಯೋರು ಜಾಗ ಬಿಟ್ಟುಕೊಟ್ರಂತೆ. ಶುಕ್ರವಾರ, ಈ ಬಿಸಿಲಲ್ಲಿ! ಇಷ್ಟು ದಿನ ಆಗಲ್ಲ ಆಗಲ್ಲ ಅಂತಿದ್ದೋನು ಇವತ್ತು ಹೇಗೆ ಇಳಿದ ಅಂತ ಎಲ್ರೂ ಕೇಳ್ತಿದಾರೆ. ಹೋದ ವರ್ಷನೇ ಇಳಿದಿದ್ರೆ ನಾವು ಅಕಬಾಗೆ ಹೋಗೋದೇ ಬೇಕಿರಲಿಲ್ಲ. ಆ ನನ್ಮಗ ಯಾರು ಅಂತ ಗೊತ್ತಾಗಲಿ ಮಾವ, ಹಬ್ಬದ ದಿನ ಅವನ ಮನೆಗೇ ಹೋಗಿ ಕೇಳ್ತೀನಿ."

"ಉಪವಾಸದಲ್ಲಿದೀಯ," ಎಂದ ತಹ್ಸೀನ್. "ಬಾಯಿ ಬಿಗಿಹಿಡಿ."

"ಸರಿ ಸರಿ, ತಪ್ಪಾಯ್ತು," ಎಂದು ಮುಹನ್ನದ್ ನಕ್ಕ. "ರವಾನ್ ನಿಮಗೆ ಕತಾಯಿಫ್ ಸಿಹಿ ಮಾಡಿಟ್ಟಿದಾಳೆ. ಮಗೂಗೆ ನಿಮ್ಮಪ್ಪನ ಹೆಸರೇ ಇಡ್ಬೇಕಂತೆ, ಈಗಿಂದ್ಲೇ ಜಗಳ. ನಾನು ಒಪ್ಪಿಬಿಟ್ಟೆ."

ಮಾತು ಮುಗಿದ ಮೇಲೂ ತಹ್ಸೀನ್ ಮೊಬೈಲನ್ನು ಕಿವಿಯಿಂದ ತೆಗೆಯಲಿಲ್ಲ. ಅಳಿಯ ಬಂದು ಬೈದರೆ ತಡೆದುಕೊಳ್ಳಬಹುದು. ಬೈಯದಿದ್ದರೆ? ಬಂದು, ಚಹಾ ಕುಡಿದು, ಏನೂ ಕೇಳದೆ ಲೋಟವನ್ನು ಮೆಲ್ಲಗೆ ಕೆಳಗಿಟ್ಟರೆ? ರವಾನ್ ಅವನ ಮುಖ ನೋಡದೆ ಅಮ್ಮನ ಜೊತೆ ಅಡುಗೆಮನೆಗೆ ಹೋಗಿಬಿಟ್ಟರೆ? ಅವಳು ಚಿಕ್ಕವಳಿದ್ದಾಗ ಮಾಳಿಗೆಯ ಮೇಲೆ ನಿಂತು ಊರಿನ ದೀಪಗಳನ್ನೆಲ್ಲ ತೋರಿಸಿ, ಇವೆಲ್ಲ ನಮ್ಮಪ್ಪ ಹಚ್ಚಿದ್ದು ಎಂದು ಪಕ್ಕದ ಮನೆಯ ಹುಡುಗಿಯರಿಗೆ ಹೇಳುತ್ತಿದ್ದಳು. ಇಲ್ಲ, ಹೇಳುತ್ತೇನೆ. ಅಷ್ಟು ಮನೆಗಳ ಅನ್ನ ಇದೆ, ಅಬು ಶಾಹಿರನ ಮುಖ ಇದೆ, ಹೇಳಿಯೇ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಗಟ್ಟಿ ಮಾಡಿಕೊಂಡೆ ಎಂದು ಅನ್ನಿಸಿದಾಗ ಸ್ವಲ್ಪ ಸಮಾಧಾನವಾಯಿತು.

ಸೂರ್ಯ ಗುಡ್ಡದಂಚಿಗೆ ಬಂದ. ಎಲ್ಲರೂ ಅವನು ಮುಳುಗುವುದನ್ನೇ ಕಾಯುತ್ತಿದ್ದರು. ಹಸಿದವರು ಖರ್ಜೂರ ಎದುರಿಟ್ಟುಕೊಂಡು, ತಹ್ಸೀನ್ ಪರದೆ ಎದುರಿಟ್ಟುಕೊಂಡು. ದಕ್ಷಿಣದ ಹಲಗೆಗಳು ಒಂದೊಂದಾಗಿ ಸೋಲುತ್ತಿದ್ದವು, ಅಮ್ಮಾನಿನಿಂದ ಒಂದರ ಹಿಂದೊಂದು ಆಜ್ಞೆ: ಏರಿ, ಏರಿ. ಕಂಟ್ರೋಲ್ ರೂಮಿನವರು ಇದಕ್ಕೆ ಅಜಾನಿನ ಏರು ಎಂದೇ ಹೆಸರಿಟ್ಟಿದ್ದರು. ಅಬು ಶಾಹಿರ್ ಒಂದೊಂದೇ ಬರ್ನರ್ ಹಚ್ಚುತ್ತ ಹೋದ, ತಹ್ಸೀನ್ ನೀರು ಕೊಡುತ್ತ ಹೋದ. ಅರವತ್ತು, ಎಂಬತ್ತು, ನೂರು. ನೆಲದಡಿಯಿಂದ ಟರ್ಬೈನಿನ ಹಳೆಯ ಪರಿಚಯದ ಗುಡುಗು ಕುರ್ಚಿಗೆ ಹತ್ತಿತು. ಮಸೀದಿಯಿಂದ ಅಜಾನ್ ಕೇಳಿಸಿದಾಗ ಅಂಕಿ ತುತ್ತತುದಿಯಲ್ಲಿತ್ತು. ಝರ್ಕಾದ ದೀಪಗಳು ಒಂದೂ ಮಿಣುಕದೆ ಹತ್ತಿಕೊಂಡವು. ಚೆನ್ನಾಗಿ ಮಾಡಿದೆವು ಎಂದು ತಹ್ಸೀನನಿಗೆ ಹೆಮ್ಮೆಯಾಯಿತು, ಎಷ್ಟೋ ದಿನದ ಮೇಲೆ ಆದ ಹೆಮ್ಮೆ. ಒಂದು ಗುಟುಕು ನೀರು ಕುಡಿದು ಖರ್ಜೂರ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಫೋನು ಬಂತು. ಅಬು ಶಾಹಿರ್ ಇನ್ನೂ ಬಾಯ್ಲರಿನ ಹತ್ತಿರವೇ ಇದ್ದ.

"ದೇವರು ನಿಮ್ಮ ಉಪವಾಸ ಒಪ್ಪಲಿ, ಅಬು ನಿಝಾರ್. ಇಷ್ಟು ಚೆನ್ನಾಗಿ ಏರಿದ್ದನ್ನ ನಾನು ನೋಡೇ ಇರಲಿಲ್ಲ," ಎಂದಳು ಲುಜೈನ್. ಅವಳ ಬಾಯಲ್ಲೂ ಏನೋ ಇತ್ತು. "ಹೇಳಿ. ನಾಳೆ ಎಷ್ಟಕ್ಕೆ ಇಳೀತೀರಿ?"

ಖರ್ಜೂರವನ್ನು ದವಡೆಗೆ ಸರಿಸಿ, ಬಾಯಿ ತೆರೆದು, ಅವನು "ಅರವತ್ತು" ಎಂದ.

ತಂತಿಯ ಆಚೆ ಅಗಿಯುವುದು ನಿಂತಿತು. "ಅರವತ್ತಾ?"

ಈಗಲೂ ತಿದ್ದಬಹುದಿತ್ತು. ಅವಳು ಅದಕ್ಕೆಂದೇ ಮತ್ತೆ ಕೇಳಿದ್ದಳು. "ಅರವತ್ತೇ," ಎಂದ ತಹ್ಸೀನ್. "ಇವತ್ತಿನದು ಏನೋ ದೇವರ ದಯೆ. ದಿನಾ ಆಗೋದಲ್ಲ."

"ಆಯ್ತು," ಎಂದಳು ಅವಳು. ಕೀಬೋರ್ಡಿನ ಎರಡು ಸದ್ದು ಕೇಳಿಸಿತು. "ಅರವತ್ತು."

ರಿಸೀವರ್ ಇಡುವಾಗ ಬಾಗಿಲು ತಳ್ಳಿಕೊಂಡು ಅಬು ಶಾಹಿರ್ ಬಂದ, ತುಟಿಯಲ್ಲಿ ದಿನದ ಮೊದಲ ಸಿಗರೇಟು, ಇನ್ನೂ ಹಚ್ಚಿರಲಿಲ್ಲ. "ಅವಳೇನಾ? ಹೇಳ್ದೆಯಾ?"

"ಹ್ಞೂಂ."

"ನಲವತ್ತು ಅಂತ?"

"ಹೇಳ್ದೆ," ಎಂದ ತಹ್ಸೀನ್.

ಅಬು ಶಾಹಿರ್ ಎರಡೂ ಕೈಯಿಂದ ಅವನ ತಲೆ ಹಿಡಿದು ನೆತ್ತಿಗೆ ಮುತ್ತಿಟ್ಟ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಮೊಬೈಲು ತೆಗೆದು ಹೆಂಡತಿಗೆ ಫೋನು ಮಾಡಿದ. ಟರ್ಬೈನಿನ ಗದ್ದಲಕ್ಕೆ ಕೇಳಿಸದೆಂದು ಕೂಗಿಯೇ ಮಾತಾಡುತ್ತಿದ್ದ. "ಇಲ್ಲ ಕಣೇ, ಮುಚ್ಚಲ್ಲ! ಈಗಷ್ಟೇ ಹೇಳಿ ಆಯ್ತು. ಹೌದು, ಅಬು ನಿಝಾರೇ ಹೇಳಿದ್ದು, ಎಲ್ಲಾ ಅವನ ತಲೆ ಮೇಲೆ ಹಾಕ್ಕೊಂಡು ಹೇಳಿದ. ಉಮ್ಮ್ ನಿಝಾರ್ ಮನೆಗೆ ಒಂದು ತಟ್ಟೆ ಸಿಹಿ ಕಳಿಸು. ಈಗ್ಲೇ ಕಳಿಸು, ಬೆಳಿಗ್ಗೆತನಕ ಇಟ್ಕೋಬೇಡ."